ಎಂಬೆಸಿ ಪದ್ಮನಾಭಯ್ಯನವರ ಬಲಗಡೆಯ ಕುರ್ಚಿ

ತರಕಾರಿ ಬುಟ್ಟಿ ಹೊತ್ತ ಮುನಿಯಮ್ಮ ದಿನಾ ಬೆಳಿಗ್ಗೆ ನಮ್ಮೆದುರು ಮನೆಯ ಗೇಟಿನ ಮುಂದೆ ನಿಂತು "ಬೀನ್ಸ್ ಬೇಕಾ ಸಾಮೀ?" ಎಂದು ಕೂಗುತ್ತಿದ್ದಳು. ಪದ್ಮನಾಭಯ್ಯನವರು ಓದುತ್ತಿದ್ದ ಪೇಪರನ್ನು ನಾಲ್ಕು ಮಡಿಕೆ ಮಾಡಿ, ಕೋಟಿನ ಗುಂಡಿ ಹಾಕಿಕೊಂಡು ಗೇಟಿಗೆ ಬರುತ್ತಿದ್ದರು. ಹಾಲು ತರುವುದಕ್ಕೂ ಕೋಟು ಹಾಕುವ ಮನುಷ್ಯ ಅವರು. ಬುಟ್ಟಿಯನ್ನು ಬಗ್ಗಿ ನೋಡಿ, ಯಾವುದೋ ದೇಶದ ಮಂತ್ರಿಯ ಎದುರು ನಿಂತವರಂತೆ ಗಂಭೀರವಾಗಿ ಹೇಳುತ್ತಿದ್ದರು:

"ನಿಮ್ಮ ಬೀನ್ಸ್ ಬಹಳ ಚೆನ್ನಾಗಿದೆ ಮುನಿಯಮ್ಮ. ವಿಷಯ ನಮ್ಮ ಗಮನದಲ್ಲಿದೆ. ನೋಡೋಣ."

ಒಳಗಿನಿಂದ ಅವರ ಹೆಂಡತಿ ಜಯಮ್ಮನವರ ದನಿ ಬರುತ್ತಿತ್ತು. "ಬೇಡ ಕಣೇ ಮುನಿಯಮ್ಮ, ನಿನ್ನೇದೇ ಇದೆ!"

"ಅಂಗಂತ ನೀವೇ ಏಳ್ಬಾರ್ದಾ ಸಾಮೀ? ನಾನೇನ್ ಬೇಜಾರ್ ಮಾಡ್ಕಂತೀನಾ?" ಎಂದು ಗೊಣಗುತ್ತಾ ಮುನಿಯಮ್ಮ ನಮ್ಮ ಮನೆಗೆ ಬರುತ್ತಿದ್ದಳು. ನಾನು, ಅಕ್ಕ ಶಾರದಾ ಕಿಟಕಿಯಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದೆವು.

ಅವರು ಜಯನಗರ ಏಳನೇ ಬ್ಲಾಕಿನ ನಮ್ಮ ಬೀದಿಗೆ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಆಯುಷ್ಯದ ಬಹುಭಾಗ ಹೊರದೇಶಗಳ ನಮ್ಮ ರಾಯಭಾರ ಕಚೇರಿಗಳಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ರಾಯಭಾರಿಯೇನೂ ಆಗಿರಲಿಲ್ಲ, ಅದಕ್ಕಿಂತ ಒಂದೆರಡು ಮೆಟ್ಟಿಲು ಕೆಳಗೆ. ಆದರೆ ಬೀದಿಯ ಬಾಯಲ್ಲಿ ಅವರು ಎಂಬೆಸಿ ಪದ್ಮನಾಭಯ್ಯ. ಯಾವ ಯಾವ ದೇಶದಲ್ಲಿದ್ದರು ಎಂದು ಕೇಳಿದರೆ ಹೆಸರು ಹೇಳುತ್ತಿರಲಿಲ್ಲ. "ಅಲ್ಲಿ" ಎನ್ನುತ್ತಿದ್ದರು. ಹೆಸರು ಹಿಡಿದು ಹೇಳಿದರೆ ಅಲ್ಲಿಯವರಿಗೆ ನೋವಾದೀತು ಅಂತೆ! ಜಯನಗರದ ಜಗಲಿಯಲ್ಲಿ ಆಡಿದ ಮಾತು ಅಷ್ಟು ದೂರ ಹೋಗುತ್ತದೆಯೇ ಎಂದು ನಾನು ರೇಗಿಸುತ್ತಿದ್ದೆ. ಇವತ್ತು ಬರೆಯಲು ಕೂತರೆ ನನಗೂ ಆ ದೇಶಗಳ ಹೆಸರು ಬರೆಯಲು ಮನಸ್ಸಾಗುತ್ತಿಲ್ಲ. ಎದುರು ಮನೆಯವರಿಗೆ ಅಷ್ಟಾದರೂ ಮರ್ಯಾದೆ ಕೊಡೋಣ ಅಂತ ನಾನೂ "ಅಲ್ಲಿ" ಎಂದೇ ಬರೆಯುತ್ತೇನೆ.

ಸಂಜೆ ಬ್ಯಾಂಕಿನಿಂದ ಬಂದ ಮೇಲೆ ನನಗೆ ಅವರ ಜಗಲಿಯೇ ಕಾಲಕ್ಷೇಪ. ದೇಶದಿಂದ ದೇಶಕ್ಕೆ ಹಡಗಿನಲ್ಲಿ ಓಡಾಡಿ ಬಣ್ಣಗೆಟ್ಟ ಬೆತ್ತದ ಕುರ್ಚಿಗಳು ಅಲ್ಲಿದ್ದವು. ಕೂರುವುದಕ್ಕೂ ಒಂದು ಕ್ರಮ. ವಯಸ್ಸಾದವರು ಎಲ್ಲಿ, ಹೊಸಬರು ಎಲ್ಲಿ, ಜಗಳವಾಡಿಕೊಂಡವರು ಎಲ್ಲಿ ಎಂದು ಅವರೇ ತೀರ್ಮಾನಿಸಿ ಕೈ ತೋರಿಸುತ್ತಿದ್ದರು. ಅವರ ಬಲಗಡೆಯ ಕುರ್ಚಿಯಲ್ಲಿ ಮಾತ್ರ ಯಾರನ್ನೂ ಕೂರಿಸುತ್ತಿರಲಿಲ್ಲ. ಯಾರಾದರೂ ಅತ್ತ ಹೆಜ್ಜೆ ಹಾಕಿದರೆ "ಅಲ್ಲಿ ಬಿಸಿಲು ಹೊಡೆಯುತ್ತೆ, ಈ ಕಡೆ ಬನ್ನಿ" ಎನ್ನುತ್ತಿದ್ದರು. ಸೂರ್ಯ ಮುಳುಗಿದ ಮೇಲೂ ಅಲ್ಲಿ ಬಿಸಿಲು! ಔತಣಗಳಲ್ಲಿ ಮನೆ ಯಜಮಾನನ ಬಲಗಡೆ ಕೂರುವವರು ಆ ದಿನದ ಮುಖ್ಯ ಅತಿಥಿ ಎಂದು ಅವರೇ ಒಮ್ಮೆ ಹೇಳಿದ್ದರು. "ಯಾವ ಮಾರಾಜ ಬರ್ಬೇಕು ಸಾ ಆ ಕುರ್ಚಿಗೆ?" ಎಂದು ಪಕ್ಕದ ಮನೆಯ ನಂಜಪ್ಪನವರು ನಗುತ್ತಿದ್ದರು. ಪದ್ಮನಾಭಯ್ಯನವರೂ ನಗುತ್ತಾ ಮಾತು ಬೇರೆ ಕಡೆಗೆ ತಿರುಗಿಸುತ್ತಿದ್ದರು.

"ನಿಮ್ಮ ಕೆಲಸ ಏನು ಅಂಕಲ್, ಪಾರ್ಟಿಗೆ ಹೋಗೋದಾ?" ಎಂದು ನಾನು ಒಮ್ಮೆ ಕೆಣಕಿದ್ದೆ.

"ಹೋಗೋದಲ್ಲಮ್ಮ, ನಿಂತ್ಕೊಳ್ಳೋದು. ಕಾಲು ಊದ್ಕೊಳ್ಳೋವರೆಗೆ ನಿಂತ್ಕೊಳ್ಳೋದು. ಎದುರಿಗಿರೋನು ಏನು ಹೇಳ್ದ ಅನ್ನೋದು ಪೇಪರ್‌ನಲ್ಲೇ ಬರುತ್ತೆ. ಯಾವ ಮಾತು ಬಂದಾಗ ಕೈಲಿರೋ ಗ್ಲಾಸು ಕೆಳಗಿಟ್ಟ, ಅದನ್ನ ನೋಡ್ಬೇಕು."

"ಆಮೇಲೆ?"

"ಆಮೇಲೆ ಮನೆಗೆ ಬಂದು ಬಿಸಿನೀರಲ್ಲಿ ಕಾಲಿಟ್ಕೊಂಡು ಕೂತ್ಕೋಬೇಕು." ಕಾಲು ಚಾಚಿಕೊಂಡು ಮುಂದುವರಿಸಿದರು. "ನಮ್ಮ ಬಾಯಲ್ಲಿ ಬರೋ ಮಾತು ನಮ್ಮದಲ್ಲ ನೋಡು, ದೇಶದ್ದು. ನಾನು 'ಇವತ್ತು ತುಂಬಾ ಸೆಕೆ' ಅಂದ್ರೆ, 'ನಮ್ಮ ಹವಾಮಾನದ ಬಗ್ಗೆ ಭಾರತಕ್ಕೆ ಅಸಮಾಧಾನ ಇದೆ' ಅಂತ ಬರ್ಕೊಳ್ಳೋನು ಪಕ್ಕದಲ್ಲೇ ನಿಂತಿರ್ತಾನೆ. ಹಂಗಾಗಿ ಸೆಕೆ ಅಂತ ಅನ್ನಿಸಿದ್ರೂ ಅನ್ನಬಾರದು. ಬರ್ತಾ ಬರ್ತಾ ಸೆಕೆ ಅಂತ ಅನ್ನಿಸೋದೇ ನಿಂತುಹೋಗುತ್ತೆ."

ಜಯಮ್ಮನವರದು ಬೇರೆಯೇ ಲೆಕ್ಕಾಚಾರ. "ಇವರು ದೇಶ ಕಾಯ್ತಿದ್ರು, ನಾನು ಹುಳಿಪುಡಿ ಡಬ್ಬ ಕಾಯ್ತಿದ್ದೆ" ಎನ್ನುತ್ತಿದ್ದರು. ಒಂದು ಊರಿನಲ್ಲಿ ಪಾತ್ರೆ ಪಡಗ ಜೋಡಿಸಿ, ಹಾಲಿನವನ ಹೆಸರು ಕಲಿತು, ಕರಿಬೇವಿನ ಗಿಡ ಚಿಗುರುವ ಹೊತ್ತಿಗೆ ವರ್ಗ. ಮಗಳು ವಾಣಿ ಒಂದೊಂದು ಊರಿನಲ್ಲಿ ಒಂದೊಂದು ಭಾಷೆ ಕಲಿತು ಮರೆತಿದ್ದಳು. ಈಗ ಅವಳು ಮದುವೆಯಾಗಿ ಮೈಸೂರಿನಲ್ಲಿದ್ದಳು. ವರ್ಗವಾಗದ ಕೆಲಸದಲ್ಲಿರುವವನನ್ನೇ ಹುಡುಕಿ ಮದುವೆಯಾದಳಂತೆ.

ಪದ್ಮನಾಭಯ್ಯನವರ ವಿದ್ಯೆ ಕೆಲಸಕ್ಕೆ ಬರುವುದಿಲ್ಲ ಎಂದು ಮಾತ್ರ ಹೇಳುವಂತಿಲ್ಲ. ಬಡಾವಣೆ ಆಗುವ ಮೊದಲು ನಂಜಪ್ಪನವರ ಮನೆತನ ಇದೇ ಜಾಗದಲ್ಲಿ ರಾಗಿ ಬೆಳೆಯುತ್ತಿತ್ತು. ಅವರಪ್ಪ ನೆಟ್ಟ ತೆಂಗಿನಮರ ವಾಲಿಕೊಂಡು ಪಕ್ಕದ ಶಾಮಣ್ಣ ಮೇಷ್ಟ್ರ ಕಾಂಪೌಂಡಿನೊಳಗೆ ಕಾಯಿ ಉದುರಿಸುತ್ತಿತ್ತು. ಒಂದು ದಿನ ಕಾಯಿ ಬಿದ್ದು ಮೇಷ್ಟ್ರ ಸ್ಕೂಟರಿನ ದೀಪ ಪುಡಿಯಾಯಿತು. ಮರ ಕಡಿಸಿ ಎಂದು ಮೇಷ್ಟ್ರು, ಮೊದಲು ನನ್ನ ಕೈ ಕಡೀರಿ ಎಂದು ನಂಜಪ್ಪನವರು. ಮಾತು ಪೊಲೀಸ್ ಸ್ಟೇಷನ್ನಿನವರೆಗೆ ಬಂತು. ಪದ್ಮನಾಭಯ್ಯನವರು ಇಬ್ಬರನ್ನೂ ಕಾಫಿಗೆ ಕರೆದರು. ಒಬ್ಬರ ಮುಖ ಒಬ್ಬರಿಗೆ ನೇರವಾಗಿ ಕಾಣದ ಹಾಗೆ ಕೂರಿಸಿದರು. ಮಳೆ, ಮಕ್ಕಳ ಮದುವೆ, ಬನಶಂಕರಿ ಗುಡಿಯ ರಶ್ಶು, ಎಲ್ಲ ಮಾತಾಡಿದರು, ಮರವೊಂದು ಬಿಟ್ಟು. ಮಾರನೆಯ ಸಂಜೆಯೂ ಅದೇ. ಅದರ ಮಾರನೆಯ ಸಂಜೆಯೂ ಅದೇ. ಕೊನೆಗೆ ನಂಜಪ್ಪನವರಿಗೇ ತಡೆಯಲಾಗಲಿಲ್ಲ. "ಅಲ್ಲಾ ಸಾ, ಮರದ ಇಸ್ಯ ಏನ್ಮಾಡಾನ?"

"ಮರ ಇರ್ಲಿ ಬಿಡಿ. ಕಾಯಿ ಬೀಳೋಕ್ಮುಂಚೆ ಕೀಳೋನನ್ನ ಯಾರು ಕರೆಸ್ಬೇಕು ಅನ್ನೋದು ಮಾತ್ರ ನಂಗೆ ತಿಳೀತಿಲ್ಲ" ಎಂದರು ಇವರು.

ನಾನು ಕರೆಸ್ತೀನಿ, ನೀವ್ಯಾಕೆ, ನಾನೇ ಕರೆಸ್ತೀನಿ ಎಂದು ಇಬ್ಬರೂ ಪೈಪೋಟಿಗೆ ಬಿದ್ದರು. ಅಂದಿನಿಂದ ಕಿತ್ತ ಕಾಯಿಯಲ್ಲಿ ಮೊದಲ ಜೋಡಿ ಮೇಷ್ಟ್ರ ಮನೆಗೆ ಹೋಗುತ್ತಿತ್ತು. "ಸೋತೆ ಅಂತ ಯಾರೂ ಅಂದ್ಕೊಂಡು ಎದ್ದು ಹೋಗಬಾರದು, ಅಷ್ಟೇ ಕೆಲಸ" ಎಂದು ಪದ್ಮನಾಭಯ್ಯನವರು ನನಗೆ ಆಮೇಲೆ ಹೇಳಿದರು. ನಾನು ಮಾರುಹೋಗಿದ್ದೆ. ಅದೇ ನಯ ನಮ್ಮ ಮನೆಯ ಮೇಲೆ ಬಂದು ಬಿದ್ದಾಗ ಗೊತ್ತಾಯಿತು ಅದರ ರುಚಿ.

ಅಕ್ಕ ಶಾರದಾ ನರ್ಸ್. ಅಪ್ಪ ತೀರಿಕೊಂಡಿದ್ದರು, ಮನೆಯಲ್ಲಿ ಅಮ್ಮ, ಅಕ್ಕ, ನಾನು. ಎಂಬತ್ತರ ದಶಕ ಶುರುವಾದ ಹೊಸತರಲ್ಲಿ ಹೊರದೇಶದ ಆಸ್ಪತ್ರೆಯೊಂದಕ್ಕೆ ನರ್ಸುಗಳು ಬೇಕೆಂದು ಕರೆ ಬಂತು. ಅಕ್ಕ ಎದುರು ಮನೆಗೆ ಓಡಿದಳು. "ಹೋಗ್ಲಾ ಅಂಕಲ್?"

"ಒಳ್ಳೆ ಅವಕಾಶ. ಆದ್ರೆ ಯೋಚನೆ ಮಾಡ್ಬೇಕಾದ್ದು."

"ಇದು ಹೌದಾ, ಅಲ್ವಾ?"

"ನಿನ್ನ ತೀರ್ಮಾನ ಏನಿದ್ರೂ ನಮಗೆ ಗೌರವ ಇದೆಯಮ್ಮ."

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕು, ಸೂಟ್‌ಕೇಸ್ ಕಟ್ಟಿ ಹೊರಟೇಬಿಟ್ಟಳು. ಕರಾರು ಪೂರ್ತಿ ಮುಗಿಸಿದರೆ ಒಳ್ಳೆಯ ಸರ್ಟಿಫಿಕೇಟು, ಆಮೇಲೆ ಎಲ್ಲಿ ಬೇಕಾದರೂ ದೊಡ್ಡ ಕೆಲಸ. ಅರ್ಧಕ್ಕೆ ಬಿಟ್ಟರೆ ಏನೂ ಇಲ್ಲ.

ಅರ್ಧ ದಾಟುವ ಹೊತ್ತಿಗೆ ಅಲ್ಲಿ ಯುದ್ಧ ಶುರುವಾಯಿತು. ಅಕ್ಕನಿದ್ದ ಊರು ಗಡಿಯಿಂದ ದೂರವೂ ಅಲ್ಲ, ಹತ್ತಿರವೂ ಅಲ್ಲ. ಅಮ್ಮ ರೇಡಿಯೋ ಬಿಟ್ಟು ಏಳಲಿಲ್ಲ. ಸಂಜೆಯ ವಾರ್ತೆಯಲ್ಲಿ, ಅಲ್ಲಿರುವ ಭಾರತೀಯರೆಲ್ಲ ಕ್ಷೇಮ, ಪರಿಸ್ಥಿತಿ ಸಹಜವಾಗಿದೆ, ಯಾರೂ ಊರು ಬಿಡುವ ಅಗತ್ಯವಿಲ್ಲವೆಂದು ನಮ್ಮ ಎಂಬೆಸಿ ತಿಳಿಸಿದೆ ಎಂದರು. ಅಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿ, "ಅಬ್ಬಾ, ಹೊಟ್ಟೆ ತಣ್ಣಗಾಯ್ತು" ಎಂದು ಅಡುಗೆಮನೆಗೆ ಹೋದಳು.

ಅಷ್ಟರಲ್ಲಿ ಪದ್ಮನಾಭಯ್ಯನವರು ನಮ್ಮ ಬಾಗಿಲಲ್ಲಿ ನಿಂತಿದ್ದರು. ಕೋಟು ಇಲ್ಲ, ಬನಿಯನ್ನಿನ ಮೇಲೊಂದು ಟವೆಲು. ಅವರನ್ನು ಹಾಗೆ ನಾನು ಕಂಡಿರಲೇ ಇಲ್ಲ.

"ಲಕ್ಷ್ಮಮ್ಮನವರೇ, ಶಾರದಾ ಕಾಗದದಲ್ಲಿ ಅಲ್ಲಿನ ನಮ್ಮ ಎಂಬೆಸಿಯವರ ವಿಷಯ ಏನಾದ್ರೂ ಬರ್ದಿದ್ಲಾ? ಅವರ ಹೆಂಡ್ತಿ ಮಕ್ಕಳು ಅಲ್ಲೇ ಇದಾರಂತಾ?"

"ನಂಗೇನ್ ಗೊತ್ತು ಸ್ವಾಮೀ? ಯಾಕೆ?" ಎಂದಳು ಅಮ್ಮ, ಅಡುಗೆಮನೆಯಿಂದ ಬಂದು.

"ಸುಮ್ನೆ ಕೇಳ್ದೆ" ಎಂದು ಅವರು ಹಿಂತಿರುಗಿದರು. ಅದು ಸುಮ್ಮನೆ ಕೇಳಿದ ಪ್ರಶ್ನೆಯಲ್ಲ ಎಂದು ನನಗನ್ನಿಸಿತು. ನಾನೂ ಅಮ್ಮನೂ ಬೆನ್ನ ಹಿಂದೆಯೇ ರಸ್ತೆ ದಾಟಿದೆವು.

ಅವರ ಮನೆಯಲ್ಲಿ ಫೋನಿತ್ತು. ದೆಹಲಿಯ ಹಳೆಯ ಸಹೋದ್ಯೋಗಿಯೊಬ್ಬರಿಗೆ ಕರೆ ಹಚ್ಚಿದರು. ಆ ಸ್ನೇಹಿತರ ಅಳಿಯ ಈಗ ಅದೇ ದೇಶದ ನಮ್ಮ ಎಂಬೆಸಿಯಲ್ಲಿದ್ದರು. ಲೈನು ಸಿಕ್ಕಿತು. ಯುದ್ಧದ ಮಾತೇ ಇಲ್ಲ! ಇಂಗ್ಲಿಷಿನಲ್ಲಿ ಮಂಡಿನೋವು ವಿಚಾರಿಸಿದರು, ದೆಹಲಿಯ ಚಳಿ ವಿಚಾರಿಸಿದರು. ಆಮೇಲೆ, "ಮೊಮ್ಮಕ್ಕಳು ಹೇಗಿದ್ದಾರೆ? ಓಹೋ, ನಿಮ್ಮ ಹತ್ತಿರವೇ ಇದ್ದಾರಾ? ರಜೆಯಾ? ದೆಹಲಿಯಲ್ಲೇ ಸ್ಕೂಲಿಗೆ ಸೇರಿಸಿದಿರಾ! ಸಂತೋಷ, ಬಹಳ ಸಂತೋಷ" ಎಂದರು. ಫೋನು ಇಟ್ಟು ಟವೆಲಿನಿಂದ ಮುಖ ಒರೆಸಿಕೊಂಡರು.

ಅಮ್ಮ ಕೇಳಿದಳು. "ಏನಂತೆ?"

ಅವರು ಗೋಡೆ ನೋಡಿದರು. ಜಯಮ್ಮನವರನ್ನು ನೋಡಿದರು. ಬಾಯಿ ತೆರೆದು, ಮುಚ್ಚಿ, ಕೊನೆಗೆ ಹೇಳಿದರು. "ನೋಡೋಣ ಲಕ್ಷ್ಮಮ್ಮನವರೇ."

ನಮ್ಮಮ್ಮ ಸಾಧು ಹೆಂಗಸು. ಆವತ್ತು ಮಾತ್ರ ಅವಳ ಮೈಮೇಲೆ ಬಂದ ಹಾಗಾಯಿತು. "ಏನ್ ನೋಡೋದು? ಇನ್ನೂ ಏನ್ ನೋಡೋದು? ಮಗು ಇರ್ಬೇಕಾ, ಬರ್ಬೇಕಾ? ನಿಮಗೆ ಗೊತ್ತಿದೆ, ನಿಮ್ಮ ಮುಖಾನೇ ಹೇಳ್ತಿದೆ. ಬಾಯಿಬಿಟ್ಟು ಹೇಳೋಕೆ ಏನ್ ಬಂದಿದೆ ನಿಮ್ಗೆ? ನನ್ನ ಮಗಳು ಏನು ಬೀನ್ಸಾ?"

ಪದ್ಮನಾಭಯ್ಯನವರು ಏಟು ತಿಂದವರಂತೆ ಒಳಗಿನ ಕೋಣೆಗೆ ಹೋಗಿ ಮಂಚದ ಮೇಲೆ ಕೂತರು. ಬಾಗಿಲು ತೆರೆದೇ ಇತ್ತು. ನನಗೂ ಸಿಟ್ಟು ನೆತ್ತಿಗೇರಿತ್ತು. ಇಂಥ ಮನುಷ್ಯನ ಜಗಲಿಯಲ್ಲಿ ಇಷ್ಟು ವರ್ಷ ಕೂತು ಹಲ್ಲು ಕಿರಿದೆನಲ್ಲ ಎನ್ನಿಸಿತು. ಜಯಮ್ಮನವರು ಅಮ್ಮನ ಕೈ ಹಿಡಿದು ಕೂರಿಸಿದರು.

"ಅವರಿಗೆ ಹೇಳೋಕೆ ಆಗಲ್ಲ ಲಕ್ಷ್ಮಮ್ಮ. ನಾನು ಹೇಳ್ತೀನಿ ಕೇಳಿ. ವಾಣಿ ಚಿಕ್ಕವಳಿದ್ದಾಗ ನಾವಿದ್ದ ಒಂದು ಊರಲ್ಲಿ ಹೀಗೇ ಗಲಾಟೆ ಎದ್ದಿತ್ತು. ತಿಪಟೂರು ಕಡೆಯ ಒಬ್ಬ ಮೇಷ್ಟ್ರು ಅಲ್ಲಿ ಸ್ಕೂಲಲ್ಲಿ ಲೆಕ್ಕ ಹೇಳಿಕೊಡ್ತಿದ್ರು. ಭಾನುವಾರ ನಮ್ಮನೇಗೆ ಬಂದು ಸಾರನ್ನ ಊಟ ಮಾಡ್ಕೊಂಡು ಹೋಗೋರು. ಒಂದು ಸಾಯಂಕಾಲ ಕಾರಲ್ಲಿ ಸಾಮಾನೆಲ್ಲ ತುಂಬ್ಕೊಂಡು, ಹೆಂಡ್ತಿ ಮಕ್ಕಳನ್ನ ಕೂರಿಸ್ಕೊಂಡು ಬಂದ್ರಂತೆ. ಇವರ ಬಲಗಡೆ ಕೂತ್ಕೊಂಡು, 'ಹೊರಟುಬಿಡ್ಲಾ ಸಾರ್, ಇರ್ಲಾ? ನೀವು ಹೆಂಗ್ ಹೇಳಿದ್ರೆ ಹಂಗೆ' ಅಂದ್ರಂತೆ. ಯಾರಿಗೂ ಊರು ಬಿಡಿ ಅನ್ನಬಾರದು ಅಂತ ಮೇಲಿಂದ ಆರ್ಡರು. ನಾವು ಹಾಗಂದ್ರೆ ಆ ಸರ್ಕಾರಕ್ಕೆ ಅವಮಾನ, ಇರೋ ಸಾವಿರಾರು ಜನ ಗಾಬರಿಯಾಗಿ ಓಡ್ತಾರೆ. ಇವರು, 'ಪರಿಸ್ಥಿತಿ ಸಹಜವಾಗಿದೆ, ಕಾಫಿ ಕುಡೀರಿ' ಅಂದ್ರು. ಮೇಷ್ಟ್ರು ಕಾಫಿ ಕುಡಿದು, ಕೈ ಮುಗಿದು, ಮನೆಗೆ ಹೋಗಿ ಸಾಮಾನು ಇಳಿಸಿದ್ರು. ಆ ವಾರದಲ್ಲೇ ಅವರ ಬೀದಿಗೆ ಬೆಂಕಿ ಹಾಕಿದ್ರು. ಆ ಮನೇಲಿ ಯಾರೂ ಉಳೀಲಿಲ್ಲ."

ಅಮ್ಮ ಜಯಮ್ಮನವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನೀವು ಅಲ್ಲೇ ಇದ್ರಾ ಆಂಟಿ?" ಎಂದು ನಾನು ಕೇಳಿದೆ.

"ನಾನು ಅಲ್ಲಿರಲಿಲ್ಲ ಕಣೇ. ಅದೇ ಇವರನ್ನ ತಿಂತಿರೋದು. ನನ್ನನ್ನೂ ವಾಣೀನೂ ಅದಕ್ಕೆ ಮುಂಚೇನೇ ಮೈಸೂರಿಗೆ ಕಳಿಸಿಬಿಟ್ಟಿದ್ರು. ಎಂಬೆಸಿಯೋರ ಹೆಂಡ್ತಿ ಮಕ್ಕಳು ರಜಕ್ಕೆ ಅಂತ ಹೊರಡ್ತಾರೆ, ಮಿಕ್ಕೋರಿಗೆ ಸಹಜವಾಗಿದೆ ಅಂತಾರೆ. ಅದು ಆ ಕೆಲಸದ ಪದ್ಧತಿ. ಇವರು ಅಷ್ಟು ಶಾಂತವಾಗಿ ನಿಭಾಯಿಸಿದ್ರು ಅಂತ ಮೇಲಿನೋರು ಹೊಗಳಿದ್ರು ಬೇರೆ. ಅಲ್ಲಿಂದೀಚೆಗೆ ಇವರು ಯಾರಿಗೂ ಹೌದು ಅನ್ನಲ್ಲ, ಅಲ್ಲ ಅನ್ನಲ್ಲ. ಬೀನ್ಸಿಗೂ ಅನ್ನಲ್ಲ."

ದೆಹಲಿಯ ಮೊಮ್ಮಕ್ಕಳು ಈಗ ಏಕೆ ಅಜ್ಜನ ಮನೆಯಲ್ಲಿದ್ದಾರೆ ಎಂದು ನನಗೆ ಅರ್ಥವಾಯಿತು. ಅಮ್ಮನಿಗೂ ಅರ್ಥವಾಯಿತು. ಒಳಗೆ ಮಂಚ ಕಿರುಗುಟ್ಟಿತು. ಪದ್ಮನಾಭಯ್ಯನವರು ಎದ್ದು ಬಂದು, ಯಾರ ಮುಖವನ್ನೂ ನೋಡದೆ, ಅಕ್ಕನ ಆಸ್ಪತ್ರೆಗೆ ಟ್ರಂಕ್ ಕಾಲ್ ಬುಕ್ ಮಾಡಿದರು.

ಆಗಿನ ಕಾಲದ ಟ್ರಂಕ್ ಕಾಲ್ ಅಂದರೆ ಇವತ್ತಿನವರಿಗೆ ಹೇಗೆ ಹೇಳಲಿ! ಬುಕ್ ಮಾಡಿ ಕಾಯಬೇಕು. ಯಾವಾಗ ಸಿಗುತ್ತದೋ, ಸಿಗುತ್ತದೋ ಇಲ್ಲವೋ. ಮಾರನೆಯ ದಿನ ನಾನು ಬ್ಯಾಂಕಿಗೆ ರಜೆ ಹಾಕಿದೆ. ನಾವೆಲ್ಲ ಆ ಫೋನಿನ ಸುತ್ತ ಕೂತೆವು. ಜಯಮ್ಮನವರು ಮಾಡಿಟ್ಟ ಉಪ್ಪಿಟ್ಟು ಆರಿ ಗಟ್ಟಿಯಾಯಿತು. ಹೊರಗೆ ಸೈಕಲ್ ಬೆಲ್ಲಾದರೂ ಅಮ್ಮ ಎದ್ದು ನಿಲ್ಲುತ್ತಿದ್ದಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಫೋನು ಉದ್ದಕ್ಕೆ ಹೊಡೆದುಕೊಂಡಿತು.

ಅಮ್ಮ ಬರೀ ಅತ್ತಳು. ನಾನು ರಿಸೀವರ್ ಕಿತ್ತುಕೊಂಡೆ. ಅಕ್ಕನ ದನಿ ಬಾವಿಯೊಳಗಿನಿಂದ ಬಂದಂತಿತ್ತು.

"ಪುಟ್ಟೀ, ಅಳಬೇಡ ಅನ್ನು ಅಮ್ಮಂಗೆ. ಇಲ್ಲೇನೂ ಆಗಿಲ್ಲ ಕಣೇ. ಎಂಬೆಸಿಯಿಂದ ನೋಟಿಸ್ ಹಾಕಿದಾರೆ, ಎಲ್ಲಾ ಸಹಜವಾಗಿದೆ ಅಂತ. ಒಂದಿಷ್ಟು ಜನ ನರ್ಸ್‌ಗಳು ಹೊರಡ್ತೀವಿ ಅಂತಿದಾರೆ, ನಂಗೆ ಮನಸಿಲ್ಲ. ಈಗ ಬಿಟ್ಟು ಬಂದ್ರೆ ಇಷ್ಟು ದಿನ ಮಾಡಿದ್ದೆಲ್ಲ ನೀರಲ್ಲಿ ಹೋಮ. ಎಂಬೆಸಿ ಅಂಕಲ್ ಏನಂತಾರೆ?"

ನಾನು ತಿರುಗಿ ನೋಡಿದೆ. ಅವರು ಆವತ್ತು ಕೋಟು ಹಾಕಿದ್ದರು. ಕೈ ಚಾಚಿ ರಿಸೀವರ್ ತೆಗೆದುಕೊಂಡರು. ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು.

"ಶಾರದಾ. ನಾನು ಪದ್ಮನಾಭಯ್ಯ. ಹೊರಡು."

ಆ ಕಡೆಯಿಂದ ಅಕ್ಕ ಏನೋ ಹೇಳಿದಳು.

"ಎಂಬೆಸಿಯವರು ಹಾಗೇ ಹೇಳೋದು. ನಾನೂ ಹಾಗೇ ಹೇಳಿದ್ದೆ. ಅವರ ಮಾತು ಕೇಳ್ಬೇಡ, ನನ್ನ ಮಾತು ಕೇಳು. ಹೊರಡೋ ನರ್ಸ್‌ಗಳ ಜೊತೆ ನಾಳೇನೇ ಹೊರಡು. ಪಕ್ಕದ ದೇಶದ ಗಡಿ ದಾಟಿ ವಿಮಾನ ಹತ್ತು. ಸರ್ಟಿಫಿಕೇಟು ಹಾಳಾಗಿ ಹೋಗ್ಲಿ. ಹೌದಮ್ಮಾ, ಹೌದು! ಹೊರಡು ಅಂತಾನೇ ಹೇಳ್ತಿರೋದು!"

ಅವರು ಕಿರುಚುತ್ತಿದ್ದರು. ಯಾರು ಯಾರು ಕೇಳಿಸಿಕೊಳ್ಳುತ್ತಾರೋ ಎಂದು ಬದುಕಿಡೀ ತಗ್ಗಿದ ದನಿಯಲ್ಲಿ ಮಾತಾಡಿದ ಮನುಷ್ಯ, ಪಕ್ಕದ ಮನೆಯ ನಂಜಪ್ಪನವರು ಗಾಬರಿಯಾಗಿ ಓಡಿ ಬರುವ ಹಾಗೆ ಕಿರುಚುತ್ತಿದ್ದರು. ಲೈನು ಕಡಿದುಹೋಯಿತು. ಅಕ್ಕ ಒಪ್ಪಿದಳೋ ಇಲ್ಲವೋ ನಮಗೆ ತಿಳಿಯಲೇ ಇಲ್ಲ.

ಆಮೇಲಿನ ದಿನಗಳು ಯಾರಿಗೂ ಬೇಡ. ಆಸ್ಪತ್ರೆಗೆ ಮತ್ತೆ ಲೈನು ಸಿಗಲಿಲ್ಲ. ಗಡಿಗೆ ಹೋಗುವ ದಾರಿಯಲ್ಲಿ ಬಾಂಬು ಬಿದ್ದಿದೆ ಎಂದು ರೇಡಿಯೋ ಹೇಳಿತು. ಊರಿನೊಳಗಲ್ಲ, ದಾರಿಯಲ್ಲಿ! ಆಸ್ಪತ್ರೆಯಲ್ಲಿ ಸುಮ್ಮನೆ ಇದ್ದವಳನ್ನು ನಾವೇ ದಾರಿಗೆ ನೂಕಿದೆವೇ? ಅಮ್ಮ ಅನ್ನ ಮುಟ್ಟಲಿಲ್ಲ. ಎದುರು ಮನೆಯ ಜಗಲಿಯಲ್ಲಿ ಪದ್ಮನಾಭಯ್ಯನವರು ಪೇಪರೂ ಓದದೆ ರಸ್ತೆಯ ತಿರುವು ನೋಡುತ್ತಾ ಕೂತಿರುತ್ತಿದ್ದರು. ಅವರ ಗಡ್ಡ ಬೆಳೆದಿತ್ತು. ಒಂದು ಬೆಳಿಗ್ಗೆ ಅಮ್ಮ ಗೇಟಿನವರೆಗೆ ಹೋಗಿ ಅಂದೇಬಿಟ್ಟಳು.

"ದಾರೀಲಿ ನನ್ನ ಮಗಳಿಗೆ ಏನಾದ್ರೂ ಆದ್ರೆ ಅದು ನಿಮ್ಮ ತಲೆ ಮೇಲೇ ಸ್ವಾಮೀ."

"ಹೌದು ಲಕ್ಷ್ಮಮ್ಮನವರೇ, ನನ್ನ ತಲೆ ಮೇಲೇನೇ" ಎಂದರು ಅವರು. ನೋಡೋಣ ಅನ್ನಲಿಲ್ಲ.

ಅಳಿಯನ ಮೂಲಕ ಈ ವಿಷಯ ಕಿವಿಗೆ ಬಿದ್ದು, ದೆಹಲಿಯ ಆ ಸ್ನೇಹಿತರು ಒಮ್ಮೆ ಫೋನು ಮಾಡಿದ್ದರಂತೆ. ಎಂಬೆಸಿಯ ಮಾತಿಗೆ ವಿರುದ್ಧವಾಗಿ ಎಲ್ಲರಿಗೂ ಕೇಳಿಸುವ ಲೈನಿನಲ್ಲಿ ಹಾಗೆ ಹೇಳಬಹುದೇ, ನಿಮ್ಮಂಥವರೇ ಹೀಗೆ ಮಾಡಿದರೆ ಹೇಗೆ ಎಂದು ಚೆನ್ನಾಗಿ ಬೈದು ಇಟ್ಟರಂತೆ. ಆಮೇಲೆ ಆ ಸ್ನೇಹಿತರು ಇವರ ಜೊತೆ ಮಾತಾಡಲೇ ಇಲ್ಲ.

ಒಂದು ಬೆಳಿಗ್ಗೆ, ಮುನಿಯಮ್ಮ ಬರುವ ಹೊತ್ತಿನಲ್ಲಿ, ನಮ್ಮ ಮನೆಯ ಮುಂದೆ ಆಟೋ ನಿಂತಿತು. ಅಕ್ಕ ಇಳಿದಳು. ಸೂಟ್‌ಕೇಸ್ ಇಲ್ಲ, ಹೆಗಲಲ್ಲೊಂದು ಚೀಲ. ಕಪ್ಪಾಗಿ, ಕಡ್ಡಿಯಾಗಿ ಹೋಗಿದ್ದಳು. ಅಮ್ಮ ರಸ್ತೆಯಲ್ಲೇ ಅವಳನ್ನು ತಬ್ಬಿಕೊಂಡು ಕೂತುಬಿಟ್ಟಳು. ಮುನಿಯಮ್ಮ ಬುಟ್ಟಿ ಇಳಿಸಿ ಅಳತೊಡಗಿದಳು. ನಾನು ಎದುರು ಮನೆ ಕಡೆ ನೋಡಿದೆ. ಪದ್ಮನಾಭಯ್ಯನವರು ಗೇಟಿನ ಸರಳು ಹಿಡಿದು ನಿಂತಿದ್ದರು, ರಸ್ತೆ ದಾಟಲಿಲ್ಲ. ಸ್ವಲ್ಪ ಹೊತ್ತು ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆವತ್ತು ಇಡೀ ದಿನ ನಿದ್ದೆ ಹೋದರು ಎಂದು ಜಯಮ್ಮ ಹೇಳಿದರು.

ಇಲ್ಲಿಗೆ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಆದರೆ ಅಕ್ಕನಿದ್ದ ಊರಿಗೆ ಏನೂ ಆಗಲಿಲ್ಲ. ಒಂದು ಕಿಟಕಿ ಗಾಜೂ ಒಡೆಯಲಿಲ್ಲ. ಯುದ್ಧ ಬೇರೆ ದಿಕ್ಕಿಗೆ ಸರಿದುಹೋಯಿತು. ಅದೇ ಆಸ್ಪತ್ರೆಯಲ್ಲಿ ಉಳಿದ ಅಕ್ಕನ ಗೆಳತಿಯೊಬ್ಬಳು ಕರಾರು ಮುಗಿಸಿ, ಸರ್ಟಿಫಿಕೇಟು ಹಿಡಿದು, ಇನ್ನೂ ದೊಡ್ಡ ಆಸ್ಪತ್ರೆಗೆ ಹೋದಳು. ಹೋಗುವ ಮೊದಲು ನಮ್ಮ ಮನೆಗೆ ಬಂದು, "ಸುಮ್ನೆ ಹೆದರ್ಕೊಂಡು ಓಡಿ ಹೋದ್ಯಲ್ಲೇ" ಎಂದು ನಕ್ಕಳು. ಅಕ್ಕ ಆಗ ಕೆಲಸಕ್ಕಾಗಿ ನರ್ಸಿಂಗ್ ಹೋಮುಗಳ ಬಾಗಿಲು ಬಾಗಿಲು ಸುತ್ತುತ್ತಿದ್ದಳು. ಕರಾರು ಮುರಿದು ಬಂದವಳು ಎಂದು ಎಲ್ಲರೂ ಮೂಗು ಮುರಿಯುತ್ತಿದ್ದರು.

ಗೆಳತಿಯನ್ನು ಕಳಿಸಿದವಳೇ ಅಕ್ಕ ದಡದಡ ರಸ್ತೆ ದಾಟಿದಳು. ಏನಾಗುತ್ತದೋ ಎಂದು ನಾನು ಹಿಂದೆಯೇ ಓಡಿದೆ. ಅವಳು ಜಗಲಿ ಹತ್ತಿ, ಯಾರ ಕೈ ಸನ್ನೆಗೂ ಕಾಯದೆ, ಪದ್ಮನಾಭಯ್ಯನವರ ಬಲಗಡೆಯ ಕುರ್ಚಿಯಲ್ಲಿ ಧೊಪ್ಪನೆ ಕೂತಳು. ಅವಳಿಗೆ ಆ ಕುರ್ಚಿಯ ವಿಷಯ ನಾವು ಹೇಳಿರಲಿಲ್ಲ.

"ಏನೂ ಆಗ್ಲಿಲ್ಲ ಅಂಕಲ್ ಅಲ್ಲಿ! ಏನೂ ಆಗ್ಲಿಲ್ಲ! ಎಂಬೆಸಿಯೋರು ಹೇಳಿದ್ದೇ ಸರಿ. ಇದ್ದಿದ್ರೆ ನಾನೂ ಇವತ್ತು ಅವಳ ಥರ ಇರ್ತಿದ್ದೆ. ನೀವು ಹೊರಡು ಹೊರಡು ಅಂತ ಅರಚಿದ್ರಿ. ನನ್ನ ಬದುಕೇ ಹಾಳಾಯ್ತು. ಏನ್ ಹೇಳ್ತೀರಾ ಈಗ?"

ಪದ್ಮನಾಭಯ್ಯನವರು ಬಿಸಿಲು ಎನ್ನಲಿಲ್ಲ, ಈ ಕಡೆ ಬಾ ಎನ್ನಲಿಲ್ಲ. ಬಲಗಡೆಗೆ ತಿರುಗಿ ಅವಳನ್ನು ನೋಡುತ್ತಲೇ ಇದ್ದರು. ಅವರ ಕಣ್ಣಿಂದ ನೀರು ಇಳಿಯತೊಡಗಿತು. ಒರೆಸಿಕೊಳ್ಳಲೂ ಇಲ್ಲ.

"ಹೌದಮ್ಮ. ನಾನು ಹೇಳಿದ್ದು ತಪ್ಪಾಯ್ತು" ಎಂದರು. "ಇನ್ನೂ ಬಯ್ಯಿ. ನೀನು ಇಲ್ಲಿ ಕೂತ್ಕೊಂಡು ಬಯ್ತಿದೀಯಲ್ಲ, ಅಷ್ಟು ಸಾಕು ನಂಗೆ." ಆಮೇಲೆ ಒಳಗೆ ತಿರುಗಿ, "ಜಯಾ, ಶಾರದಾಗೆ ಕಾಫಿ ತಾರೇ" ಎಂದು ಕೂಗಿದರು.

ಅಕ್ಕ ತಬ್ಬಿಬ್ಬಾಗಿ ನನ್ನ ಮುಖ ನೋಡಿದಳು. ಬಯ್ಯಲು ಇನ್ನೂ ಇತ್ತೇನೋ, ಮರೆತುಹೋದಳು. ಕಾಫಿ ಬಂತು. ಕುಡಿದಳು. ಮನೆಗೆ ಬಂದ ಮೇಲೆ ನಾನು ತಿಪಟೂರಿನ ಮೇಷ್ಟ್ರ ವಿಷಯ ಹೇಳಿದೆ. ಅವಳು ಒಳಗೆ ಹೋಗಿ ಮುಖ ತೊಳೆದುಕೊಂಡಳು.

ಆ ಕುರ್ಚಿಯಲ್ಲಿ ಆಮೇಲೆ ಎಲ್ಲರೂ ಕೂತರು. ನಂಜಪ್ಪನವರು ಕೂತು ಕಾಲು ಅಲ್ಲಾಡಿಸಿದರು. ಒಂದು ದಿನ ಮುನಿಯಮ್ಮನನ್ನೂ ಅವರೇ ಬಲವಂತ ಮಾಡಿ ಕೂರಿಸಿದರಂತೆ. ಬೀನ್ಸಿನ ವಿಷಯದಲ್ಲಿ ಮಾತ್ರ ಹಳೆಯ ಚಾಳಿ ಹೋಗಲಿಲ್ಲ, ಕೊನೆಯವರೆಗೂ ಅದು ಅವರ ಗಮನದಲ್ಲೇ ಇತ್ತು.

ಅಕ್ಕನಿಗೆ ಕೊನೆಗೂ ನಾಲ್ಕನೇ ಬ್ಲಾಕಿನ ಸಣ್ಣ ನರ್ಸಿಂಗ್ ಹೋಮಿನಲ್ಲಿ ಕೆಲಸ ಸಿಕ್ಕಿತು. ದೊಡ್ಡ ಕೆಲಸವಲ್ಲ. ಎಂಬತ್ತರ ದಶಕ ಮುಗಿಯುತ್ತಾ ಬಂದಾಗ ಪದ್ಮನಾಭಯ್ಯನವರು ಹಾಸಿಗೆ ಹಿಡಿದರು. ಅಕ್ಕನೇ ದಿನಾ ಡ್ಯೂಟಿಗೆ ಮುಂಚೆ ಹೋಗಿ ಇಂಜೆಕ್ಷನ್ ಕೊಡುತ್ತಿದ್ದಳು. ಜಗಲಿಯ ಬೆತ್ತದ ಕುರ್ಚಿಯನ್ನು ಅವರ ಮಂಚದ ಬಲಗಡೆಗೆ ಹಾಕಿದ್ದರು. ಒಂದು ದಿನ ನಾನೂ ಜೊತೆಗಿದ್ದೆ. ಡಾಕ್ಟರು ಆಗಷ್ಟೇ ನೋಡಿಕೊಂಡು ಹೋಗಿದ್ದರು.

"ಶಾರದಾ, ಡಾಕ್ಟರು ಏನಂದ್ರು ಗೊತ್ತಾ? 'ನೋಡೋಣ' ಅಂದ್ರು" ಎಂದು ಪದ್ಮನಾಭಯ್ಯನವರು ನಕ್ಕರು. ನಕ್ಕರೆ ಕೆಮ್ಮು ಬರುತ್ತಿತ್ತು. "ನನ್ನ ಮಾತನ್ನ ನಂಗೇ ಹೇಳ್ತಾನೆ. ನೀನು ಹೇಳು. ನಾನು ಇದರಿಂದ ಏಳ್ತೀನಾ?"

ಅಕ್ಕ ಸಿರಿಂಜನ್ನು ತಟ್ಟೆಯಲ್ಲಿಟ್ಟಳು. ಸಾಯುವವರ ಮಂಚದ ಪಕ್ಕ ನಿಂತು, ಎಲ್ಲ ಸರಿಹೋಗುತ್ತೆ ಅಂತ ನಗುನಗುತ್ತಾ ಹೇಳುವುದು ನರ್ಸುಗಳಿಗೂ ಅಭ್ಯಾಸವೇ. ಅವಳೂ ಹಾಗೇ ಹೇಳುತ್ತಾಳೆಂದು ನಾನು ಕಾದೆ. ಹೇಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಇಲ್ಲ ಅಂಕಲ್" ಎಂದಳು ಅಕ್ಕ. "ಏಳಲ್ಲ. ಮೈಸೂರಿಂದ ವಾಣೀನ ಇವತ್ತೇ ಕರೆಸಿ."

ಬಾಗಿಲಲ್ಲಿದ್ದ ಜಯಮ್ಮನವರು ಸೆರಗು ಬಾಯಿಗೆ ಒತ್ತಿಕೊಂಡರು. ಪದ್ಮನಾಭಯ್ಯನವರು ಬಹಳ ಹೊತ್ತು ಅಕ್ಕನನ್ನೇ ನೋಡಿದರು. ಅವಳ ಕೈ ಮೇಲೆ ತಮ್ಮ ಕೈ ಇಟ್ಟರು.

"ಹೇಳೋಕೆ ಕಷ್ಟ ಆಯ್ತೇನಮ್ಮ?"

"ಆಯ್ತು."

"ಹೂಂ. ಆಗುತ್ತೆ."

ವಾಣಿ ಅವತ್ತೇ ಸಂಜೆಯ ಬಸ್ಸಿಗೆ ಬಂದಳು. ತಂದೆ ಮಗಳು ಎರಡು ದಿನ ಬಾಗಿಲು ಹಾಕಿಕೊಂಡು ಮಾತಾಡಿದರು. ಅಪ್ಪ ಇಷ್ಟು ಮಾತಾಡಿದ್ದನ್ನು ನಾನು ಕೇಳೇ ಇರಲಿಲ್ಲ ಎಂದು ಅವಳು ಆಮೇಲೆ ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತಳು. ಮೂರನೆಯ ಬೆಳಿಗ್ಗೆ ಅಕ್ಕ ಇಂಜೆಕ್ಷನ್ ಪೆಟ್ಟಿಗೆ ಹಿಡಿದು ಹೋದಾಗ ಅದರ ಅಗತ್ಯವಿರಲಿಲ್ಲ. ಅವಳು ಬಲಗಡೆಯ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತಿದ್ದು, ಎದ್ದು ಬಂದು, ಡ್ಯೂಟಿಗೆ ಹೋದಳು.